ಬಸಿದು ಕೊಡಿ

ಮಚ್ಚಿನ ಅಲಗು ನನ್ನ ಕನ್ನಡಕಕ್ಕೆ ತಾಗಿತು. ಟಿಣ್!

"ಸೈನ್ ಹಾಕ್ರಮ್ಮ."

"ಹಾಕಲ್ಲ."

"ಪೆನ್ ಇಲ್ವಾ?"

ಪೆನ್ನನ್ನೂ ಅವನೇ ಕೊಟ್ಟ. ಇಂಥ ರೌಡಿ ಎಲ್ಲಿ ಸಿಗುತ್ತಾನೆ ಹೇಳಿ!

ಬೆಳಗಿನ ಹತ್ತು ಗಂಟೆ. ಹಿಂದೂಪುರದ ಬಸ್ ಸ್ಟ್ಯಾಂಡಿನ ಹಿಂದೆ ನಿಂತಿದ್ದ ಬಿಳಿ ಕಾರು. ಒಳಗೆ ನಾನು, ತ್ರಿವೇಣಿ. ವಯಸ್ಸು ಅರವತ್ತಾರು. ಮೂವತ್ತು ವರ್ಷ ಕೋಳಿ ಫೀಡ್ ಪರೀಕ್ಷಿಸುವ ಲ್ಯಾಬಿನಲ್ಲಿದ್ದೆ. ಈಗ ಪ್ರೈವೇಟ್. ಕೋಳಿಗಳು ರಾಶಿ ರಾಶಿ ಸತ್ತರೆ ನನಗೆ ಫೋನ್ ಬರುತ್ತದೆ. ರೋಗವೋ, ಕೊಲೆಯೋ... ನಾನು ಹೇಳಬೇಕು.

ನಗಬೇಡಿ. ಮಚ್ಚು ನಿಜವಾದದ್ದೇ.

ಹಿಡಿದವನು ಓಬಳೇಶಪ್ಪ. ಅವನ ಯಜಮಾನ ಮುರಳೀಕೃಷ್ಣ ಹಿಂದೂಪುರದ ಫೀಡ್ ವ್ಯಾಪಾರಿ. ಕೇರಳದಿಂದ ರಬ್ಬರ್ ಬೀಜ ತರಿಸಿ, 'ಕೋಳಿ ಬಾದಾಮಿ' ಎಂದು ಹೆಸರಿಟ್ಟು ಮಾರುತ್ತಿದ್ದ. ಕರಪತ್ರದಲ್ಲಿ ಒಂದು ಹುಂಜ ತೋಳು ಮಡಚಿ ಮಾಂಸಖಂಡ ತೋರಿಸುತ್ತಿತ್ತು. ಹುಂಜಕ್ಕೆ ತೋಳು! ಪಕ್ಕದಲ್ಲಿ ಕಪ್ಪು ಕನ್ನಡಕದ ಮುರಳೀಕೃಷ್ಣ. ಅವನೂ ತೋಳು ಮಡಚಿದ್ದ.

ಆ ಬಾದಾಮಿ ತಿಂದ ಕದಿರಪ್ಪನ ಅರವತ್ತು ನಾಟಿ ಕೋಳಿಗಳು ಎರಡೇ ದಿನದಲ್ಲಿ ಸತ್ತಿದ್ದವು. ಅವನು ನನ್ನನ್ನು ಕರೆದಿದ್ದ.

"ರಿಪೋರ್ಟ್‌ನಾಗೆ 'ಸಾವಿಗೆ ಕಾರಣ' ಅಂತ ಕಾಲಂ ಐತಲ್ಲ," ಎಂದ ಓಬಳೇಶಪ್ಪ. "ಅಲ್ಲಿ ರಾಣಿಖೇತ್ ರೋಗ ಅಂತ ಬರೀರಿ. ಮುಗೀತು."

"ಸತ್ತ ಕೋಳಿಯ ರಕ್ತ ಕುಂಕುಮದ ಹಾಗೆ ಹೊಳೀತಿತ್ತು. ಅದು ರೋಗ ಅಲ್ಲಪ್ಪ, ಸಯನೈಡ್."

"ಅಯ್ಯಯ್ಯೋ! ಹಂಗಾದ್ರೆ ಕದಿರಪ್ಪನ ಮುಂದೇನೇ ಬರ್ಸ್ತೀನಿ. ಪದಂಡಿ, ನಡೀರಿ!"

ಕಾರು ಹೊರಟಿತು.

ರೊದ್ದಂ ದಾಟಿತು. ಮಾತ್ರೆ ನುಂಗುವ ಹೊತ್ತಾಯಿತು ಎಂದೆ. ಕಾರು ನಿಲ್ಲಿಸಿ ತನ್ನ ಬಾಟಲಿಯ ಮುಚ್ಚಳ ತೆಗೆದುಕೊಟ್ಟ. ಮಚ್ಚನ್ನು ಆಗ ಕಂಕುಳಲ್ಲಿ ಇಟ್ಟುಕೊಂಡಿದ್ದ, ಪಾಪ.

ನಾನು ಯೋಚಿಸುತ್ತಿದ್ದೆ. ಲೆಕ್ಕ ಕೂಡುತ್ತಿರಲಿಲ್ಲ! ರಬ್ಬರ್ ಬೀಜದ ತಿರುಳು ಕೆಟ್ಟದ್ದಲ್ಲ. ನೂರಕ್ಕೆ ಇಪ್ಪತ್ತರ ಆಸುಪಾಸು ಪ್ರೋಟೀನ್, ಎಣ್ಣೆ ಅದಕ್ಕಿಂತ ಹೆಚ್ಚು. ಹಸಿಯಾಗಿ ಕೊಟ್ಟರೆ ವಿಷ. ಆದರೆ ಸತ್ತ ಕೋಳಿಯ ಜೊತೆ ಕದಿರಪ್ಪ ಕಳಿಸಿದ್ದ ಬೀಜದ ಸ್ಯಾಂಪಲ್ ಚೆನ್ನಾಗಿ ಬೆಂದಿತ್ತು. ವಿಷ ಹೆಚ್ಚುಕಡಿಮೆ ಸೊನ್ನೆ.

ಹಾಗಾದರೆ ಅರವತ್ತು ಕೋಳಿ ಕೊಂದವರು ಯಾರು?

ಕಲ್ಯಾಣದುರ್ಗ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಕಾರು ಎಡಕ್ಕೆ ಹೊರಳಿತು. ಕದಿರಪ್ಪನ ಹೊಲ. ಮನೆ ಈ ಕಡೆ, ಕೋಳಿ ಶೆಡ್ಡು ಆ ಕಡೆ, ನಡುವೆ ಇನ್ನೂರು ಹೆಜ್ಜೆ.

ಅಂಗಳದಲ್ಲಿ ಜಗಳ.

"ಇವತ್ತಿಂದ ಶೆಡ್ಡಿಗೆ ಕಾಲಿಡ್ಬ್ಯಾಡ ನೀನು! ಬೇಯ್ಸಿದ್ದು ನೀನೇ ತಾನೆ? ನಿನ್ ಕೈಗುಣಾನೇ ಸರಿಯಿಲ್ಲ!" ಕದಿರಪ್ಪ ಹೆಂಡತಿಯ ಮೇಲೆ ಕೂಗಿ ಶೆಡ್ಡಿನ ಕಡೆ ದಾಪುಗಾಲು ಹಾಕಿದ. ನಮ್ಮನ್ನು ನೋಡಲೂ ಇಲ್ಲ.

ಸಣ್ಣಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಕೋಳಿಗಳನ್ನೆಲ್ಲ ಕಾವಿಗೆ ಕೂರಿಸಿ ಮರಿ ಮಾಡಿದವಳು ಅವಳೇ. ಇನ್ನು ಉಳಿದದ್ದು ನೂರ ನಲವತ್ತು.

ನಮ್ಮನ್ನು ನೋಡಿದಳು. ಮಚ್ಚನ್ನೂ ನೋಡಿದಳು.

"ಬರ್ರಮ್ಮ. ನೀನೂ ಬಾರಪ್ಪ, ಅದನ್ನ ಆ ಕಡೆ ಇಕ್ಕಿ ಕೈ ತೊಳ್ಕ. ಮುದ್ದೆ ಆಗೈತೆ, ಉಂಡ್ಕಂಡು ಹೋಗೀರಂತೆ."

ಓಬಳೇಶಪ್ಪ ಕೈ ತೊಳೆಯಲು ಹೋದ!

ಸಣ್ಣಕ್ಕ ಒಲೆಯಿಂದ ಹುರುಳಿಕಾಳಿನ ಪಾತ್ರೆ ಇಳಿಸಿ ನೀರು ಬಸಿದಳು. ನಿಧಾನವಾಗಿ. ಒಂದು ತೊಟ್ಟೂ ನೆಲಕ್ಕೆ ಬೀಳದ ಹಾಗೆ.

"ಬಸ್ಸಾರಿಗೆ," ಎಂದಳು. "ಸಾರವೆಲ್ಲ ಕಟ್ಟಿನಾಗೇ ಇರ್ತದೆ. ಚೆಲ್ಲಿದ್ರೆ ಪಾಪ ಕಣಮ್ಮ."

ಬಸಿದ ನೀರಿನ ಪಾತ್ರೆಗೆ ಬಗ್ಗಿ ನೋಡಿದೆ.

"ಸಣ್ಣಕ್ಕ... ರಬ್ಬರ್ ಬೀಜ ಬೇಯಿಸಿದ್ಯಲ್ಲ. ಆ ಕಟ್ಟು?"

"ಚೀಟಿಯಾಗೆ 'ಬೇಯಿಸಿ ಬಸಿದು ಕೊಡಿ' ಅಂತಿತ್ತು. ಬಸ್ದೆ. ಕಟ್ಟು ಕುಡಿಯಕ್ಕೆ ಇಟ್ಟೆ. ಹೋದ್ ಸಲ ಸ್ವಲ್ಪಾನೇ ಇತ್ತು, ಎಲ್ಲಕ್ಕೂ ಸಾಲ್ಲಿಲ್ಲ. ಪಾಪ, ಇವತ್ತು ಜಾಸ್ತಿ ಮಾಡಿ ಶೆಡ್ಡಿನ ಮುಂದ್ಲ ತೊಟ್ಟಿಗೆಲ್ಲ ಹೊಯ್ದಿವ್ನಿ. ಅವ್ರು ಹೋಗಿ ಬಾಗ್ಲು ತೆಗೆದ್ರೆ ಸರಿ..."

ಕದಿರಪ್ಪ ಹೋಗಿದ್ದ!

ಓಡಿದೆ.

ಅರವತ್ತಾರರ ಮಂಡಿ. ಇನ್ನೂರು ಹೆಜ್ಜೆ. ಹಿಂದೆ ಓಬಳೇಶಪ್ಪ.

"ಏಯ್! ಓಡೋಯ್ತಾವ್ಳೆ! ನಿಲ್ರಮ್ಮ! ನಿಲ್ರೀ!"

ಮಚ್ಚು ಮತ್ತೆ ಅವನ ಕೈಯಲ್ಲಿತ್ತು. ಇನ್ನೊಂದು ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕದಿರಪ್ಪಾ! ಬಾಗಿಲು ತೆಗೀಬೇಡ!"

ತೆಗೆದೇ ಬಿಟ್ಟ.

ನೂರ ನಲವತ್ತು ಬಾಯಾರಿದ ಕೋಳಿಗಳು! ಆರು ತೊಟ್ಟಿಗಳು!

ಒಂದನ್ನು ಒದ್ದೆ. ಎರಡು. ಮೂರು. ನಾಲ್ಕು... ಮಂಡಿ ಲಟಕ್ಕೆಂದಿತು. ನೆಲಕ್ಕೆ ಬಿದ್ದೆ. ಇನ್ನೂ ಎರಡು ಉಳಿದಿದ್ದವು. ಕೆಂಪು ಹೇಂಟೆಯೊಂದು ಕತ್ತು ಬಗ್ಗಿಸುತ್ತಿತ್ತು. ಮೇಲೆ ಮಚ್ಚು.

"ಓಬಳೇಶ! ಒದಿಯೋ!"

ಮೂವತ್ತು ವರ್ಷ ಲ್ಯಾಬಿನಲ್ಲಿ ಗದರಿಸಿದ ಗಂಟಲು. ಅವನು ಎರಡನ್ನೂ ಒದ್ದ. ಒದ್ದ ಮೇಲೆ ಕೇಳಿದ.

"ಯಾಕೆ ಮೇಡಂ?"

"ವಿಷವೆಲ್ಲ ಬಸಿದ ನೀರಿಗೆ ಇಳಿದಿದೆ ಕಣೋ! ಆ ನೀರು ಚೆಲ್ಲಬೇಕು!"

ಅವನು ತನ್ನ ಒದ್ದೆ ಚಪ್ಪಲಿ ನೋಡಿಕೊಂಡು, ಅದನ್ನು ಮೆಲ್ಲಗೆ ಬಿಟ್ಟು ಪಕ್ಕಕ್ಕೆ ನಿಂತ.

ಸಣ್ಣಕ್ಕ ಓಡಿಬಂದು ನನ್ನ ತಲೆಯನ್ನು ಮಡಿಲಿಗೆ ತೆಗೆದುಕೊಂಡಳು. "ನಾನೇ ಕೊಂದ್ಬುಟ್ನಾ ಅಮ್ಮ?"

"ಇಲ್ಲ ಕಣಮ್ಮ. ಚೀಟಿಯಲ್ಲಿದ್ದದ್ದನ್ನೇ ಮಾಡಿದ್ದೀಯ."

ಕದಿರಪ್ಪ ತಲೆ ಕೆರೆದುಕೊಂಡ. ಹೆಂಡತಿಯ ಕಡೆ ನೋಡದೆ, "ಏನೋ ಒಂದ್ ಮಾತು ಬಂದ್ಬುಡ್ತು ಕಣೆ," ಎಂದ.

ಮುರಳೀಕೃಷ್ಣನಿಗೆ ಫೋನ್ ಮಾಡಿದೆ.

"ಬೀಜದಲ್ಲಿ ತಪ್ಪಿಲ್ಲಪ್ಪ."

"ನಾನು ಹೇಳ್ಲಿಲ್ವಾ ಮೇಡಂ! ಓಬಳೇಶನ್ನ ಸುಮ್ನೆ ಒಂದ್ ಸೇಫ್ಟಿಗೆ ಕಳ್ಸಿದ್ದು!"

"ಕರಪತ್ರದಲ್ಲಿ ಒಂದು ಮಾತು ಬಿಟ್ಟಿದ್ದೀಯ. 'ನೀರು ಚೆಲ್ಲಿ.'"

"ಅಯ್ಯೋ, ಅದಾ? ಗೊತ್ತಿತ್ತು ಮೇಡಂ... ಜಾಗ ಸಾಲ್ಲಿಲ್ಲ."

ಸಣ್ಣಕ್ಕನ ಚೀಟಿ, ಅದೇ ಕರಪತ್ರ, ಬಿಡಿಸಿ ನೋಡಿದೆ. 'ಬಸಿದು ಕೊಡಿ' ಎಂಬುದರ ಪಕ್ಕದಲ್ಲೇ ಜಾಗವಿತ್ತು. ಬೇಕಾದಷ್ಟಿತ್ತು. ಅಲ್ಲಿ ಅವನು ತೋಳು ಮಡಚಿ ನಿಂತಿದ್ದ.

ಓಬಳೇಶಪ್ಪನ ಪೆನ್ನು ಇನ್ನೂ ನನ್ನ ಬಳಿಯೇ ಇತ್ತು. ರಿಪೋರ್ಟಿನಲ್ಲಿ 'ಸಾವಿಗೆ ಕಾರಣ' ಎಂಬ ಕಾಲಂ ತುಂಬಿ, ಸೈನ್ ಹಾಕಿದೆ.

'ವ್ಯಾಪಾರಿಯ ಫೋಟೊ.'