ಅಜ್ಜಿ ಉಣ್ಣದ ಶನಿವಾರ

"ತಟ್ಟೆ ಇಲ್ಲಿ ಕೊಡು. ಅದು ನನ್ನ ಕೆಲ್ಸ."

ಗಂಗಾಶ್ರೀ ಹಿತ್ತಾಳೆ ತಟ್ಟೆಯ ಅಂಚು ಹಿಡಿದು ಎಳೆದಳು. ಇನ್ನೊಂದು ಅಂಚು ಮರಿಯೆಲ್ ಕೈಯಲ್ಲಿತ್ತು. ನಡುವೆ ಬಿಲ್ವಪತ್ರೆ, ಕಣಗಿಲೆ ಹೂ ಅತ್ತಿತ್ತ ಜಾರಿದವು.

"ಅಜ್ಜಿ ಹೇಳಿತು," ಅಂದಳು ಮರಿಯೆಲ್.

ಅವಳ ಕನ್ನಡ ಇನ್ನೂ ಹೊಸದು. ಅಜ್ಜಿ 'ಹೇಳಿತು' ಅನ್ನುತ್ತಾಳೆ, ಬೆಕ್ಕು 'ಬಂದರು' ಅನ್ನುತ್ತಾಳೆ. ಮನೆಯವರೆಲ್ಲ ನಗುತ್ತಾರೆ. ಗಂಗಾಶ್ರೀ ತಪ್ಪು ಮಾಡಿದರೆ ಮಾತ್ರ ಯಾರೂ ನಗುವುದಿಲ್ಲ, ಬೈಯುತ್ತಾರೆ.

"ಬಿಡೇ ಗಂಗಿ. ಒಂದಿನ ಅವ್ಳೂ ತರ್ಲಿ," ಅಂತ ಒಳಗಿನಿಂದ ಅಜ್ಜಿ ಶಕುಂತಲಮ್ಮನ ದನಿ ಬಂತು. ಅಜ್ಜಿ ಆಗಲೇ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಿದ್ದಳು.

ಒಂದಿನವಂತೆ. ಗಂಗಾಶ್ರೀ ತಟ್ಟೆ ಬಿಟ್ಟು, ಕಾಲು ಅಪ್ಪಳಿಸುತ್ತ ಹಿತ್ತಲಿಗೆ ಹೋದಳು.

ಮರಿಯೆಲ್ ಅವಳ ಚಿಕ್ಕಪ್ಪನ ಮಗಳು. ಚಿಕ್ಕಪ್ಪ ದುಬೈನಲ್ಲಿ ಹೋಟೆಲ್ ಅಡುಗೆಯವರು. ಚಿಕ್ಕಮ್ಮ ಫಿಲಿಪೈನ್ಸ್ ದೇಶದವರು. ಮರಿಯೆಲ್ ಇಷ್ಟು ವರ್ಷ ಆ ದೇಶದಲ್ಲೇ, ತಾಯಿಯ ತಾಯಿಯ ಹತ್ತಿರ ಬೆಳೆದಿದ್ದಳು. ಈಗ ಚಿಕ್ಕಪ್ಪನಿಗೆ ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಸ್ವಂತ ಹೋಟೆಲ್ ಹಾಕುವ ಆಸೆ. ಅದಕ್ಕೆ ತಾಯಿ-ಮಗಳಿಬ್ಬರನ್ನೂ ಮುಂಚೆಯೇ ಇಲ್ಲಿಗೆ ಕಳಿಸಿದ್ದರು.

ಬಂದವಳು ಮೊದಲು ಅಜ್ಜಿಯ ಹಾಸಿಗೆಯಲ್ಲಿ ಗೋಡೆ ಪಕ್ಕದ ಜಾಗ ಹಿಡಿದಳು. ಆಮೇಲೆ ಊಟದ ಹೊತ್ತಿನಲ್ಲಿ ಅಜ್ಜಿಯ ಮಗ್ಗುಲು. ಈಗ ಪೂಜೆಯ ಹೂವು.

ಸಾಲದ್ದಕ್ಕೆ ಊಟಕ್ಕೆ ಮುಂಚೆ ಅವಳ ಪ್ರಾರ್ಥನೆ ಬೇರೆ. ಕಣ್ಣು ಮುಚ್ಚಿ, ಕೊರಳಿನ ಪುಟ್ಟ ಶಿಲುಬೆ ಹಿಡಿದು ಪಿಸುಪಿಸು ಅನ್ನುತ್ತಾಳೆ. ಅಜ್ಜಿಗೆ ಅದು ಬಲು ಹಿಡಿಸಿಬಿಟ್ಟಿತ್ತು.

"ಆ ಮಗು ನೋಡು, ದೇವ್ರನ್ನ ನೆನೆದು ಉಣ್ತೈತೆ. ನೀನು ತಾಟು ಇಡಾದ್ರೊಳಗೆ ಕೈ ಹಾಕ್ತಿ."

ಅಂದಿನಿಂದ ಮರಿಯೆಲ್ ಕಣ್ಣು ಮುಚ್ಚಿದ ಕೂಡಲೇ ಗಂಗಾಶ್ರೀ ಬೇಕಂತಲೇ ಕಟಕಟ ತಿನ್ನತೊಡಗುತ್ತಿದ್ದಳು. ಹಪ್ಪಳ ಇದ್ದ ದಿನ ಅವಳಿಗೆ ಇನ್ನೂ ಅನುಕೂಲ.

"ನಾನು ಸೊರಬದ ಅಜ್ಜಿ ಮನೆಗೆ ಹೋಗಿ ಅಲ್ಲೇ ಇರ್ತೀನಿ," ಅಂತ ಹೆದರಿಸಿಯೂ ನೋಡಿದ್ದಳು.

ಅಮ್ಮನ ತವರು ಸೊರಬ. ಅಮ್ಮ ತಲೆ ಕೂಡ ಎತ್ತಿರಲಿಲ್ಲ. "ಹೋಗು ಮಾರಾಯ್ತಿ. ಯೂನಿಫಾರ್ಮ್ ಒಗೆದು ಹಾಕಿದೀನಿ, ಒಣಗಿದ ಮೇಲೆ ತಗೊಂಡು ಹೋಗು."

ಹಿತ್ತಲಿನಲ್ಲಿ ನಿಂತಿದ್ದ ಗಂಗಾಶ್ರೀಗೆ ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು. ಹೂವು ಒಳಗೆ ಕೊಟ್ಟು ಮರಿಯೆಲ್ ಸ್ನಾನಕ್ಕೆ ಹೋಗಿದ್ದಳು. ಬಾಗಿಲ ಪಕ್ಕದ ಮೊಳೆಯಲ್ಲಿ ಅವಳ ಟವೆಲ್, ಅದರ ಮೇಲೆ ಶಿಲುಬೆಯ ಚೈನು.

ಆಗ ಗಂಗಾಶ್ರೀಗೆ ಒಂದು ವಿಷಯ ನೆನಪಾಯಿತು. ಹೋದ ವರ್ಷ ತಾಳಗುಂದದ ಮದುವೆ ಮುಗಿಸಿ ಟ್ರ್ಯಾಕ್ಟರಿನಲ್ಲಿ ಬರುವಾಗ ಅಜ್ಜಿಯ ಕೊರಳಿನ ಶಿವದಾರ ಹರಿದಿತ್ತು. ಲಿಂಗವಿದ್ದ ಬೆಳ್ಳಿ ಕರಡಿಗೆ ಎಲ್ಲೋ ಜಾರಿಹೋಗಿತ್ತು. ಟ್ರ್ಯಾಕ್ಟರಿನ ಹುಲ್ಲಿನೊಳಗೆ ಅದು ಸಿಗುವವರೆಗೂ ಅಜ್ಜಿ ಒಂದು ಗುಟುಕು ನೀರು ಕುಡಿದಿರಲಿಲ್ಲ. ಕೊರಳಿನ ದೇವರು ಕೊರಳಲ್ಲಿ ಇಲ್ಲದಿದ್ದರೆ ಊಟ ಮಾಡುವ ಹಾಗಿಲ್ಲ. ಅದು ನಿಯಮ.

ಹಾಗಾದರೆ ಶಿಲುಬೆ ಇಲ್ಲದಿದ್ದರೆ ಮರಿಯೆಲ್‌ಗೂ ಊಟವಿಲ್ಲ. ಊಟವಿಲ್ಲ ಅಂದಮೇಲೆ ಅಜ್ಜಿಯ ಮಗ್ಗುಲಲ್ಲಿ ಯಾಕೆ ಕೂರುತ್ತಾಳೆ?

ಚೈನು ಗಂಗಾಶ್ರೀಯ ಕಂಪಾಸ್ ಬಾಕ್ಸಿಗೆ ಇಳಿಯಿತು.

ಆದರೆ ಮುಂದೆ ಆದದ್ದೇ ಬೇರೆ. ಮರಿಯೆಲ್ ಮೊಳೆ ನೋಡಿದಳು, ಟವೆಲ್ ಕೊಡವಿದಳು, ನೆಲದ ಮೇಲೆ ಕೂತು ಮೂಲೆಮೂಲೆ ತಡಕಿದಳು. ಆಮೇಲೆ ತಿಂಡಿಗೆ ಕೂತಳು. ಕೈ ಅಭ್ಯಾಸದಂತೆ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬರೀ ಎದೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಉಪ್ಪಿಟ್ಟು ತಿಂದಳು. ಇವಳಿಗೆ ನಿಯಮವೇ ಗೊತ್ತಿಲ್ಲವಲ್ಲ ಎಂದು ಗಂಗಾಶ್ರೀಗೆ ಮೈಯೆಲ್ಲ ಉರಿಯಿತು. ಶನಿವಾರ, ಬೆಳಗಿನ ಸ್ಕೂಲು. ಅವಳಿಗಾಗಿ ಕಾಯದೆ ಒಬ್ಬಳೇ ಓಡಿದಳು.

ಇಂಟರ್ವಲ್‌ನಲ್ಲಿ ನೋಡಿದರೆ ಮರಿಯೆಲ್ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದಳು. ದೇವ್ರಿಗೆ ನನ್ನ ಮೇಲೆ ಚಾಡಿ ಹೇಳ್ತಿದಾಳೆ ಅಂದುಕೊಂಡಳು ಗಂಗಾಶ್ರೀ. ಕಂಪಾಸ್ ಬಾಕ್ಸನ್ನು ಬ್ಯಾಗಿನ ತಳಕ್ಕೆ ತಳ್ಳಿದಳು.

ಮಧ್ಯಾಹ್ನ ಮನೆಗೆ ಬಂದಾಗ ಹಿತ್ತಲಲ್ಲಿ ಎಲ್ಲರೂ ಸೇರಿದ್ದರು. ಅಜ್ಜಿ ಸೀರೆ ಎತ್ತಿ ಸಿಕ್ಕಿಸಿ, ಬಚ್ಚಲ ಮೋರಿಯೊಳಗೆ ಕೋಲು ಆಡಿಸುತ್ತಿದ್ದಳು. ಕೈಯೆಲ್ಲ ಕೆಸರು. ಚಿಕ್ಕಮ್ಮ ನೀರಿನ ಲೋಟ ಹಿಡಿದು ಸುಮ್ಮನೆ ನಿಂತಿದ್ದರು.

"ಬೆಳಿಗ್ಗಿಂದ ಒಂದು ತುತ್ತು ತಿಂದಿಲ್ಲ ನೀವು," ಅಮ್ಮ ಬೇಡಿಕೊಳ್ಳುತ್ತಿದ್ದಳು. "ಶುಗರ್ ಮಾತ್ರೆ ಹಾಗೇ ಇದೆ. ಅದು ಶಿಲುಬೆ ಅತ್ತೆ, ನಮ್ಮ ಲಿಂಗ ಅಲ್ಲ. ನೀವು ಎಂತಕ್ಕೆ ಉಪವಾಸ ಇರ್ಬೇಕು?"

"ಯಾವ್ದಾದ್ರೆ ಏನು? ಕೊರಳಾಗೆ ಕಟ್ಕಂಡಿದ್ದು ಕೊರಳಾಗೆ ಇರ್ಬೇಕು."

ಗಂಗಾಶ್ರೀ ಹೆಗಲ ಬ್ಯಾಗನ್ನು ಮುಂದಕ್ಕೆ ಎಳೆದುಕೊಂಡಳು. ಬೆಳಿಗ್ಗೆಯಿಂದಲೂ?

ಅವಳ ಹಿಂದೆಯೇ ಬಂದ ಮರಿಯೆಲ್ ಬ್ಯಾಗು ಎಸೆದು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಅಜ್ಜಿ, ಬೇಡ. ನಾನು ತಿಂದೆ. ಜೀಸಸ್ ಓಕೆ. ಕೋಪ ಇಲ್ಲ."

"ನಿಮ್ಮ ದೇವ್ರಿಗೆ ಓಕೆ ಇರ್ಬೋದವ್ವ, ನಂಗೆ ಓಕೆ ಇಲ್ಲ," ಅಂದಳು ಅಜ್ಜಿ. "ಅಷ್ಟು ದೂರ ಬರುವಾಗ ನಿಮ್ಮಜ್ಜಿ ಕೈಯಾರೆ ಹಾಕಿ ಕಳಿಸಿರಾದು ಅದು. ನಮ್ಮನೇಲಿ ಹೋತು ಅಂತ ಆಕಿಗೆ ಯಾವ ಮುಖ ಇಟ್ಕಂಡು ಹೇಳ್ಲಿ?"

ಅಜ್ಜಿ ಏಳಲು ಹೋಗಿ ಗೋಡೆ ಹಿಡಿದಳು.

ಹಿಂದೊಮ್ಮೆ ಹೀಗೇ ಶುಗರ್ ಇಳಿದು ಅಜ್ಜಿ ಅಂಗಳದಲ್ಲಿ ಕುಸಿದು ಬಿದ್ದಿದ್ದಳು. ಗಂಗಾಶ್ರೀಗೆ ಅದು ನೆನಪಾಯಿತು. ಚೈನನ್ನು ಮೋರಿ ಪಕ್ಕ ಬೀಳಿಸಿ 'ಸಿಕ್ತು' ಅನ್ನಬಹುದಿತ್ತು. ಹಾಗೆ ಮಾಡಿದ್ದರೆ ಎಲ್ಲರೂ ಅವಳನ್ನೇ ಹೊಗಳುತ್ತಿದ್ದರು. ಬ್ಯಾಗಿಗೆ ಕೈ ಹಾಕಿಯೂ ಆಗಿತ್ತು. ಆದರೆ ಅಜ್ಜಿಯ ಬೆರಳಿಂದ ಕೆಸರು ತೊಟ್ಟಿಕ್ಕುವುದನ್ನು ನೋಡಿ ಅದು ಅವಳ ಕೈಲಾಗಲಿಲ್ಲ.

ಕಂಪಾಸ್ ಬಾಕ್ಸ್ ತೆಗೆದು ಅಜ್ಜಿಯ ಮುಂದೆ ಹಿಡಿದಳು.

ಅಜ್ಜಿ ಚೈನು ನೋಡಿದಳು, ಮೊಮ್ಮಗಳ ಮುಖ ನೋಡಿದಳು. "ಯಾಕೇ?"

"ಹೊಟ್ಟೆಕಿಚ್ಚು ಆತು ಅಜ್ಜಿ. ದಿನಾ ಹೂವು ನಾನು ತರ್ತಿದ್ದೆ."

ಅಮ್ಮ ಬೈಯಲು ಬಾಯಿ ತೆರೆದಳು. ಅಜ್ಜಿ ಕೈ ಎತ್ತಿ ತಡೆದಳು.

"ನನ್ ಮುಂದೆ ಯಾಕೆ ಹಿಡೀತಿ? ಅವ್ಳ ಕೊರಳಿಗೆ ಹಾಕು. ನಾ ಕೈ ತೊಳ್ಕಂಡು ಬರ್ತೀನಿ, ಉಣ್ಣಾನ."

ಮರಿಯೆಲ್ ತಿರುಗಿ ಕೂತು ಕೂದಲು ಪಕ್ಕಕ್ಕೆ ಸರಿಸಿದಳು. ಕತ್ತಿನ ಸುತ್ತ ಚೈನು ಕೂರುತ್ತಿದ್ದ ಜಾಗ ಬೆಳ್ಳಗೆ ಗೆರೆಯಾಗಿತ್ತು. ಕೊಂಡಿ ಬಹಳ ಚಿಕ್ಕದು. ಗಂಗಾಶ್ರೀಯ ಬೆರಳಿಗೆ ಸಿಕ್ಕಿ ಸಿಕ್ಕಿ ಜಾರುತ್ತಿತ್ತು.

"ಬೇವಿನ ಮರದ ಹತ್ರ ಏನು ಕೇಳ್ತಿದ್ದೆ? ಇದು ಸಿಗ್ಲಿ ಅಂತಾನಾ?"

"ಇಲ್ಲ. ಬೆಳಿಗ್ಗೆ ನೀನು ಓಡಿದೆ, ಆಮೇಲೆ ಅಜ್ಜಿ ತಿಂಡಿ ಬೇಡ ಅಂದಿತು. ಅಜ್ಜಿ ಊಟ ಮಾಡಲಿ ಅಂತ."

ಕೊಂಡಿ ಕೊನೆಗೂ ಕೂತಿತು.

"ಅಲ್ಲಿ ನಿಮ್ಮಜ್ಜಿ ಪಕ್ಕ ಈಗ ಯಾರು ಕೂರ್ತಾರೆ? ಊಟಕ್ಕೆ?"

"ಅಂಕಲ್ ಇದ್ದಾರೆ." ಮರಿಯೆಲ್ ಶಿಲುಬೆಯನ್ನು ಬೆರಳಲ್ಲಿ ಸವರಿದಳು. "ಆದರೆ ಆ ಪಕ್ಕ ನನ್ನ ಜಾಗ. ಖಾಲಿ ಇದೆ."

ಅಡುಗೆಮನೆಯಲ್ಲಿ ಅಮ್ಮ ತಾಟು ಇಟ್ಟಳು. ಗಂಗಾಶ್ರೀ ಹೋಗಿ ಅಜ್ಜಿಯ ತಾಟನ್ನು ನಡುವೆ ಸರಿಸಿ, ಮರಿಯೆಲ್‌ದನ್ನು ಆಚೆ ಪಕ್ಕ, ತನ್ನದನ್ನು ಈಚೆ ಪಕ್ಕ ಇಟ್ಟಳು. ಅಜ್ಜಿ ಬಂದು ಕೂತು ಮಾತ್ರೆ ನುಂಗಿದಳು.

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಜೊತೆಗೆ ಆಗ ತಾನೇ ಕರಿದ ಹಪ್ಪಳ. ಗಂಗಾಶ್ರೀಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಹಪ್ಪಳ ಕೈಗೆ ತೆಗೆದುಕೊಂಡೇಬಿಟ್ಟಳು.

ಆಚೆ ಪಕ್ಕ ಮರಿಯೆಲ್ ಕಣ್ಣು ಮುಚ್ಚಿದಳು.

ಆ ಪಿಸುಮಾತು ಮುಗಿಯುವವರೆಗೂ ಹಪ್ಪಳ ಮುರಿಯದೆ ಗಂಗಾಶ್ರೀಯ ಕೈಯಲ್ಲೇ ಇತ್ತು.