ನಿಮಿಷಕ್ಕೆ ನೂರಾ ಹದಿನೆಂಟು

"ಈ ಫ್ರಿಜ್ ಆಫ್ ಮಾಡಿದ್ದು ಯಾರು?"

ಜ್ಯೋತಿಲಕ್ಷ್ಮಿಯ ದನಿ ಇಷ್ಟು ಏರಿದ್ದನ್ನು ಮಿಡಿಗೇಶಿಯ ಹಾಲಿನ ಡೈರಿ ಅಂದಿನವರೆಗೆ ಕೇಳಿರಲಿಲ್ಲ.

ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕಿನ ಹಿಂದಿನಿಂದ ಸಣಕಲು ಮನುಷ್ಯನೊಬ್ಬ ಎದ್ದು ನಿಂತ. ಕೈಯಲ್ಲಿ ಸ್ಪ್ಯಾನರ್, ಮೂಗಿನ ತುದಿಯಲ್ಲಿ ಗ್ರೀಸ್. ಹೆಸರು ಭೀಮರಾಜು. ಮಗು ಮುಂದೆ ಹೇಗೆ ಬೆಳೆಯುತ್ತದೆಂದು ನೋಡುವಷ್ಟು ತಾಳ್ಮೆ ಹೆಸರಿಟ್ಟವರಿಗೆ ಇರಲಿಲ್ಲ. ಟ್ಯಾಂಕು ರಿಪೇರಿಗೆಂದು ಪಾವಗಡದಿಂದ ಬಂದ ಈ ಮೆಕ್ಯಾನಿಕ್, ಡ್ರಿಲ್‌ಗೆ ಬೇರೆ ಸಾಕೆಟ್ ಸಿಗದೆ ಫ್ರಿಜ್ಜಿನ ಪ್ಲಗ್ ಕಿತ್ತಿದ್ದ. ಒಳಗಿದ್ದ ಪುಟ್ಟ ಡಬ್ಬಿ ಐಸ್ ಕರಗಿ ನೆನೆಯಬಾರದೆಂದು, ಬಹಳ ಜವಾಬ್ದಾರಿಯಿಂದ, ಕಿಟಕಿಯ ಬಿಸಿಲಿಗೆ ಇಟ್ಟಿದ್ದ.

"ಅದು ನನ್ನ ಇನ್ಸುಲಿನ್," ಅಂದಳು ಅವಳು. "ಬಿಸಿಲು ತಗುಲಿದ್ರೆ ಅದು ಬರೀ ನೀರು. ಅದಿಲ್ದೆ ನಾನಿಲ್ಲ."

ಇಪ್ಪತ್ಮೂರರ ಜ್ಯೋತಿಲಕ್ಷ್ಮಿಗೆ ಸಕ್ಕರೆ ಕಾಯಿಲೆ ಬಂದದ್ದು ಹನ್ನೊಂದನೇ ವಯಸ್ಸಿಗೆ. ಅಂದಿನಿಂದ ದಿನಕ್ಕೆ ನಾಲ್ಕು ಸಲ ಸೂಜಿ. ಮನೆಯ ಕರೆಂಟನ್ನು ನಂಬುವ ಹಾಗಿಲ್ಲ, ಡೈರಿಯಲ್ಲಿ ಜನರೇಟರ್ ಇದೆ. ಹಾಗಾಗಿ ಅವಳು ಹಾಲಿನ ಫ್ಯಾಟ್ ನೋಡುವ ಕೆಲಸಕ್ಕೆ ಸೇರಿದಾಗ ಇನ್ಸುಲಿನ್ನೂ ಅವಳ ಜೊತೆ ಡೈರಿಗೆ ಸೇರಿತ್ತು.

"ಏಮೀ ಲೇದು," ಅಂದ ಭೀಮರಾಜು. ಪಾವಗಡದವರ ಕನ್ನಡ ಗಾಬರಿಯಾದಾಗ ತೆಲುಗಿನ ಕಡೆಗೆ ಜಾರುತ್ತದೆ. ಏನೂ ಇಲ್ಲ ಎಂದು ಅದರ ಅರ್ಥ. ಹಾಗೆಂದವನೇ ಬೈಕು ಹತ್ತಿ ಹೊರಟೇಹೋದ.

ಓಡಿಹೋದ ಎಂದುಕೊಂಡಳು. ಆದರೆ ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಅವನು ಮಧುಗಿರಿಯಿಂದ ವಾಪಸ್ ಬಂದಿದ್ದ. ಕೈಯಲ್ಲೊಂದು ಸ್ಟೀಲ್ ಫ್ಲಾಸ್ಕು. ಅದರ ತುಂಬ ಐಸು, ಐಸಿನ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೊಸ ಇನ್ಸುಲಿನ್.

ಫ್ಲಾಸ್ಕು ಈಸಿಕೊಳ್ಳುವಾಗ ಅವಳ ಬೆರಳು ನಡುಗಿದವು. ಎದೆ ಹೊಡೆದುಕೊಂಡಿತು.

ಇದು ಅವಳಿಗೆ ಹೊಸದಲ್ಲ. ಶುಗರ್ ಇಳಿದಾಗಲೆಲ್ಲ ಹೀಗೇ ಆಗುತ್ತಿತ್ತು. ತಕ್ಷಣ ಬೆರಳು ಚುಚ್ಚಿ ನೋಡಿದಳು. ನೂರಾ ಎಂಬತ್ತಾರು!

ಇಳಿದಿಲ್ಲ. ಹನ್ನೆರಡು ವರ್ಷದಲ್ಲಿ ಅವಳ ಪ್ರತಿ ನಡುಕಕ್ಕೂ ಮೀಟರಿನಲ್ಲಿ ಒಂದು ಕಾರಣ ಸಿಕ್ಕಿತ್ತು. ಇದೊಂದಕ್ಕೆ ಸಿಗಲಿಲ್ಲ. ಮೊಬೈಲಿನಲ್ಲಿ ಪ್ರೇಮ ಕಥೆಗಳನ್ನು ತಪ್ಪದೆ ಓದುವವಳಾದ್ದರಿಂದ ಉಳಿದ ಕಾರಣ ಯಾವುದೆಂದು ಅವಳಿಗೆ ಗೊತ್ತಾಯಿತು.

'ಹಾಗಾದ್ರೆ ಇದು... ಅದೇ.'

ಅಲ್ಲಿಂದ ಮುಂದೆ ಟ್ಯಾಂಕು ಪದೇಪದೇ ಕೆಡತೊಡಗಿತು. ಐದು ವರ್ಷ ಗಟ್ಟಿಯಾಗಿದ್ದ ಯಂತ್ರ ಈಗ ಗುರುವಾರಕ್ಕೊಮ್ಮೆ ಹಾಸಿಗೆ ಹಿಡಿಯುತ್ತದಲ್ಲ ಎಂದು ಡೈರಿಯ ಅಧ್ಯಕ್ಷ ದೊಡ್ಡರಂಗಪ್ಪನವರು ಗೋಡೆಯ ಕಡೆ ನೋಡಿಕೊಂಡು ಹೇಳಿದರು. ಗೋಡೆ ಏನೂ ಹೇಳಲಿಲ್ಲ.

ಬೈಕಿನ ಸದ್ದು ಕೇಳಿದ ಕೂಡಲೇ ಜ್ಯೋತಿಲಕ್ಷ್ಮಿ ಗಡಿಯಾರ ನೋಡಿಕೊಂಡು ನಾಡಿ ಎಣಿಸುತ್ತಿದ್ದಳು. ಮೊದಲ ತಿಂಗಳು ತೊಂಬತ್ತಾರು. ಆಮೇಲೆ ನೂರಾ ನಾಲ್ಕು. ಆಮೇಲೆ ನೂರಾ ಹದಿನೆಂಟು. ಪ್ರೀತಿ ಬೆಳೆಯುತ್ತಿರುವುದಕ್ಕೆ ಇದಕ್ಕಿಂತ ಶುದ್ಧವಾದ ಲೆಕ್ಕ ಬೇಕೆ? ಗುರುವಾರ ಬಿಟ್ಟು ಬೇರೆ ದಿನವೂ ಒಮ್ಮೆ ಎಣಿಸಿ ನೋಡಬೇಕೆಂದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಬಳೆಗಳು ಸಡಿಲವಾದವು. ಪುಷ್ಯ ಮಾಸದ ಚಳಿಯಲ್ಲಿ ಬೆವರು. ಇನ್ಸುಲಿನ್ ಎಷ್ಟು ಏರಿಸಿದರೂ ಶುಗರ್ ಬಗ್ಗಲಿಲ್ಲ. ಅದೆಲ್ಲವನ್ನೂ ಅವಳು ಭೀಮರಾಜುವಿನ ಖಾತೆಗೇ ಹಾಕಿದಳು.

ಒಂದು ಗುರುವಾರ ಡೈರಿಯ ಮುಂದಿನ ಹುಣಸೆ ಮರದ ಕೆಳಗೆ ಅವನು ಮದುವೆಯ ವಿಷಯ ಎತ್ತಿದ. ತನ್ನ ತಾಯಿಗೆ ಹೇಳಿದ್ದೇನೆ, ಇವಳ ಕಾಯಿಲೆ ವಿಷಯವನ್ನೂ ಮುಚ್ಚಿಟ್ಟಿಲ್ಲ ಎಂದ. ಇವಳ ಮನಸ್ಸಿನಲ್ಲೇನಿದೆ ಎಂಬುದೊಂದು ಗೊತ್ತಿಲ್ಲ ಎಂದ.

ಅವಳು ಉತ್ತರದ ಬದಲು ಮುಂಗೈ ಚಾಚಿದಳು.

"ಎಣಿಸಿ."

ಅವನು ಎಣಿಸಿದ. ನೂರಾ ಹದಿನೆಂಟು.

"ನಿಮ್ಮ ಬೈಕಿನ ಸದ್ದು ಕೇಳಿದ್ರೆ ಹಿಂಗಾಯ್ತದೆ. ನನ್ನತ್ರ ಬೇರೆ ಸಾಕ್ಷಿ ಇಲ್ಲ."

ಅಂದು ಭೀಮರಾಜು ಟ್ಯಾಂಕನ್ನು ಮುಟ್ಟದೆಯೇ ರಿಪೇರಿ ಆಯಿತೆಂದು ಬರೆದು ಹೋದ.

ಮಗಳು ಸೊರಗುತ್ತಿರುವುದನ್ನು ನೋಡಲಾರದೆ ತಾಯಿ ರಾಜಲಕ್ಷ್ಮಮ್ಮ ಅವಳನ್ನು ಮಧುಗಿರಿಗೆ ಕರೆದೊಯ್ದರು. ಡಾಕ್ಟರ್ ಮೇಡಂ ಕತ್ತು ಮುಟ್ಟಿ ನೋಡಿದರು, ನೀರು ನುಂಗಿಸಿದರು. ಚಾಚಿದ ಕೈಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಯಿಲ್ಲದೆ ಅದುರಿತು. ಎದೆ ಹೀಗೆ ಹೊಡೆದುಕೊಳ್ಳುವುದು ಯಾವಾಗಿನಿಂದ ಎಂದು ಕೇಳಿದರೆ ಜ್ಯೋತಿಲಕ್ಷ್ಮಿ ಕೆಂಪಾಗಿ, ತಾಯಿಯ ಕಡೆ ನೋಡದೆ, ನಾಲ್ಕು ತಿಂಗಳಿಂದ ಎಂದಳು.

ರಕ್ತದ ರಿಪೋರ್ಟು ಬಂದ ದಿನ ಮೇಡಂ ಸಮಾಧಾನವಾಗಿಯೇ ಹೇಳಿದರು. "ಇದು ಥೈರಾಯ್ಡ್ ಕಣಮ್ಮ. ರೋಗ ತಡೀಬೇಕಾದ ನಿನ್ನ ಮೈಯ ಕಾವಲಿನವರು ಚಿಕ್ಕಂದಿನಲ್ಲಿ ಇನ್ಸುಲಿನ್ ಮಾಡೋ ಜಾಗಾನ ಶತ್ರು ಅಂತ ಹೊಡೆದುಹಾಕಿದ್ರು. ಈಗ ಕತ್ತಿನ ಗ್ರಂಥೀನ ಕೆಣಕಿ, ಹಗಲೂ ರಾತ್ರಿ ಓಡಿಸ್ತಿದಾರೆ. ನಿನ್ನಂಥವರಿಗೆ ಇದು ಬರೋದು ಅಪರೂಪ ಏನಲ್ಲ. ಅದಕ್ಕೇ ವರ್ಷಕ್ಕೊಂದ್ಸಲ ನೋಡಿಸ್ಬೇಕು ಅನ್ನೋದು."

ಅವಳು ಮೂರು ವರ್ಷದಿಂದ ನೋಡಿಸಿರಲಿಲ್ಲ.

"ಎದೆ ಹೊಡ್ಕೊಳ್ಳೋದೂ ಅದರಿಂದ್ಲೇನಾ ಮೇಡಂ?"

"ಮತ್ತಿನ್ಯಾತರಿಂದ? ಮಾತ್ರೆ ನುಂಗು. ಎರಡು ಮೂರು ತಿಂಗಳಲ್ಲಿ ಎಲ್ಲ ಹೋಗುತ್ತೆ."

ಎಲ್ಲ...

ವಾಪಸ್ ಬರುವ ಬಸ್ಸಿನಲ್ಲಿ ರಾಜಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಒಂದು ಸಾಲದು ಅಂತ ಇನ್ನೊಂದು ಬಂತಲ್ಲ ಎಂದು ಅತ್ತರು. ಮಗಳಿಗೆ ಕಾಯಿಲೆಯ ಭಯಕ್ಕಿಂತ ದೊಡ್ಡ ಭಯವೊಂದು ಶುರುವಾಗಿತ್ತು. 'ನಾಲ್ಕು ತಿಂಗಳಿಂದ ನಾನು ಪ್ರೀತಿ ಅಂದ್ಕೊಂಡಿದ್ದು ಬರೀ ಕತ್ತಿನ ಗ್ರಂಥೀಲಿತ್ತಾ?'

ಹಾಲಿನಲ್ಲಿ ನೀರಿದ್ದರೆ ಅಧ್ಯಕ್ಷರ ಮನೆಯದಾದರೂ ಹೇಳಿಬಿಡುವ ಹುಡುಗಿ ಅವಳು. ಮುಂದಿನ ಗುರುವಾರ ಹೇಳಿಯೇಬಿಟ್ಟಳು.

"ಅವತ್ತು ಎಣಿಸಿದ್ರಲ್ಲ... ಅದು ಥೈರಾಯ್ಡ್ ಅಂತೆ."

ಭಯವಾಗುತ್ತಿದೆ, ಸ್ವಲ್ಪ ದಿನ ಕಾಯಿರಿ ಎನ್ನುವ ಇನ್ನೊಂದು ಮಾತನ್ನು ಅವಳು ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿದ್ದಳು. ಅದು ಬಾಯಿಗೆ ಬರಲಿಲ್ಲ.

"ಏಮೀ ಲೇದು," ಅಂದ ಭೀಮರಾಜು. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ.

ಅದರ ಮುಂದಿನ ವಾರ ಅವನ ಬದಲು ರೇಣುಕಯ್ಯ ಎಂಬ ಎಲೆ ಅಡಿಕೆ ಜಗಿಯುವ ಹಿರಿಯ ಮೆಕ್ಯಾನಿಕ್ ಬಂದ. ಹತ್ತು ನಿಮಿಷ ನೋಡಿ, ಇದಕ್ಕೇನೂ ಆಗೇ ಇಲ್ಲವಲ್ಲ ಎಂದು ಹೊರಟುಹೋದ. ಟ್ಯಾಂಕು ಮತ್ತೆ ಕೆಡಲಿಲ್ಲ.

ಮಾತ್ರೆಗಳು ತಮ್ಮ ಕೆಲಸ ಮಾಡಿದವು. ನೂರಾ ನಾಲ್ಕು... ತೊಂಬತ್ತು... ಎಪ್ಪತ್ನಾಲ್ಕು. ಬಳೆ ಕೈಗೆ ಕೂತಿತು. ಏರಿಸಿದ್ದ ಇನ್ಸುಲಿನ್ ಈಗ ಹೆಚ್ಚಾಗಿ ಎರಡು ಸಲ ಶುಗರ್ ಇಳಿದು, ಬೆಲ್ಲ ತಿಂದು ಕೂರಬೇಕಾಯಿತು. ಮೇಡಂ ಅದನ್ನೂ ತಗ್ಗಿಸಿದರು. ಊರಿನವರೆಲ್ಲ ಹುಡುಗಿ ಗೆಲುವಾದಳು ಎಂದರು.

ರಸ್ತೆಯಲ್ಲಿ ಬೈಕುಗಳು ಹೋಗುತ್ತಿದ್ದವು. ಎದೆ ಸುಮ್ಮನಿರುತ್ತಿತ್ತು.

ವಾಸಿಯಾಯಿತು ಎಂದುಕೊಂಡಳು. ಎರಡೂ ವಾಸಿಯಾದವು. ಹಗುರವಾಗಬೇಕಿತ್ತು. ಗುರುವಾರಗಳು ಮಾತ್ರ ಯಾಕೋ ಮುಗಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ರಾಜಲಕ್ಷ್ಮಮ್ಮ ಹೊಲದ ಆಳುಗಳಿಗೆ ಕಾಫಿ ಒಯ್ಯಲೆಂದು ಮಗಳ ಚೀಲದಿಂದ ಸ್ಟೀಲ್ ಫ್ಲಾಸ್ಕು ತೆಗೆದರು. ಜ್ಯೋತಿಲಕ್ಷ್ಮಿ ಅದನ್ನು ಕಿತ್ತುಕೊಂಡಳು. ಕಿತ್ತುಕೊಂಡು, ಎದೆಗೊತ್ತಿ ಹಿಡಿದು, ಅತ್ತಳು.

ಡೈರಿಯ ಫ್ರಿಜ್ ಚೆನ್ನಾಗಿಯೇ ಇತ್ತು. ಆದರೂ ಅವಳು ಅಷ್ಟು ದಿನವೂ ಬೆಳಿಗ್ಗೆ ಆ ಫ್ಲಾಸ್ಕಿಗೆ ಹೊಸ ಐಸು ತುಂಬಿ, ಇನ್ಸುಲಿನ್ನನ್ನು ಅದರಲ್ಲೇ ಇಡುತ್ತಿದ್ದಳು. ಯಾಕೆಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

ಪಾವಗಡದ ಬೈಕಿನ ಸುದ್ದಿ ಎಂದೋ ಕಿವಿಗೆ ಬಿದ್ದಿದ್ದ ರಾಜಲಕ್ಷ್ಮಮ್ಮ ಸೆರಗಿನಿಂದ ಮಗಳ ಕಣ್ಣು ಒರೆಸಿದರು.

"ಫ್ಲಾಸ್ಕಿಗೆ ಯಾರೂ ಹಿಂಗೆ ಅಳಾಕಿಲ್ಲ ಕಣಮ್ಮ. ಪಾವಗಡದ ಬಸ್ಸು ಹತ್ತೂವರೆಗದೆ."

ಬಸ್ಸಿನಲ್ಲಿ ಅವಳು ಬೆರಳು ಚುಚ್ಚಿ ನೋಡಿಕೊಂಡಳು. ನೂರಾ ಮೂವತ್ತು. ನಾಡಿ ಎಣಿಸಿಕೊಂಡಳು. ಎಪ್ಪತ್ನಾಲ್ಕು. ಮೈಯಲ್ಲಿ ಯಾವುದೂ ಅವಳನ್ನು ದೂಡುತ್ತಿರಲಿಲ್ಲ. ಆದರೂ ಬಸ್ಸು ಪಾವಗಡಕ್ಕೆ ಹೋಗುತ್ತಿತ್ತು, ಅವಳು ಅದರಲ್ಲಿದ್ದಳು.

ಭೀಮರಾಜು ಅಂಗಡಿಯಲ್ಲಿ ಯಾರದೋ ಫ್ರಿಜ್ಜಿನ ಬೆನ್ನು ಬಿಚ್ಚಿಕೊಂಡು ಕೂತಿದ್ದ. ಇವಳನ್ನು ಕಂಡು ಎದ್ದವನು ಸ್ಪ್ಯಾನರ್ ಕೆಳಗಿಡುವುದನ್ನು ಮರೆತ.

ಅವಳು ಮುಂಗೈ ಚಾಚಿದಳು. "ಎಣಿಸಿ."

ಅವನು ಗ್ರೀಸ್ ಒರೆಸಿಕೊಂಡು, ಗಡಿಯಾರ ನೋಡಿ ಎಣಿಸಿದ. "ಎಪ್ಪತ್ನಾಲ್ಕು," ಅಂದ, ಸೋತವನ ಹಾಗೆ.

"ಹೂಂ. ಈಗ ಎದೆ ಹೊಡ್ಕೊಳ್ಳಲ್ಲ. ಕೈ ನಡುಗಲ್ಲ," ಅಂದಳು. "ಆದ್ರೂ ಬಂದಿದೀನಿ. ಆವಾಗ ಅದಾಗೇ ಆಯ್ತು. ಈಗ ನಾನಾಗೇ ಬಂದೆ."

ಅವನು ಸ್ಪ್ಯಾನರ್ ಕೆಳಗಿಟ್ಟ. ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಕೊಟ್ಟ. ಲ್ಯಾಬಿನ ರಿಪೋರ್ಟು. ಹೆಸರು ಭೀಮರಾಜು, ವಯಸ್ಸು ಇಪ್ಪತ್ತೊಂಬತ್ತು, ಥೈರಾಯ್ಡ್ ಪರೀಕ್ಷೆ. ತಾರೀಕು ಅವಳು ವಿಷಯ ಹೇಳಿದ ಮರುದಿನದ್ದು.

"ನಂಗೂ ನಾಲ್ಕು ತಿಂಗಳಿಂದ ಹೊಡ್ಕೊಳ್ತಿತ್ತಲ್ಲ, ಅದಕ್ಕೆ ಮಾಡಿಸ್ದೆ," ಅಂದ. "ನಾರ್ಮಲ್ ಬಂತು. ನಿಮ್ದು ಕಾಯಿಲೆ, ನಂದು ಕಾಯಿಲೆ ಅಲ್ಲ ಅಂತ ಗೊತ್ತಾಯ್ತು. ಯಾವ ಮುಖ ಇಟ್ಕೊಂಡು ಬರ್ಲಿ?"

ಅವಳು ಕಾಗದವನ್ನು ಮತ್ತೆ ಓದಿದಳು. ಅಕ್ಷರಗಳು ಮಂಜಾಗಿದ್ದವು.

"ಈ ಮೈ ಮುಂದೆ ಇನ್ನೇನು ಮಾಡ್ಕೊಳ್ಳುತ್ತೋ ಗೊತ್ತಿಲ್ಲ," ಅಂದಳು. "ಇವತ್ತು ಒಂದು ಕೆಡುತ್ತೆ, ನಾಳೆ ಇನ್ನೊಂದು."

"ಅದನ್ನ ರಿಪೇರಿಯವನ ಹತ್ರ ಬಂದು ಹೇಳ್ತೀರಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಈ ಸಲ ಅವನ ಮುಂಗೈಯನ್ನು ಅವಳು ಹಿಡಿದಳು, ಗಡಿಯಾರದ ಕಡೆ ನೋಡಿದಳು. ಒಂದು ನಿಮಿಷ ಇಬ್ಬರೂ ಅಲುಗಲಿಲ್ಲ.

"ನೂರಾ ಹನ್ನೆರಡು. ಜಾಸ್ತಿ ಇದೆ."

"ಏಮೀ ಲೇದು," ಅಂದ ಭೀಮರಾಜು.

ಅವಳು ಕೈ ಬಿಡಲಿಲ್ಲ.

"ಇರಿ, ಇನ್ನೊಂದ್ಸಲ ಎಣಿಸ್ತೀನಿ."