ಮೂರನೆಯ ಮೆಟ್ಟಿಲು

ಹಳೆಯ ಜೈಲಿನ ಭೇಟಿ ಕೋಣೆಗೆ ಹತ್ತುವಾಗ ಮೂರನೆಯ ಮೆಟ್ಟಿಲು ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರ. ಅಲ್ಲಿ ಎಲ್ಲರೂ ಎಡವುತ್ತಾರೆ. ಇಂಜಿನಿಯರ್ ಎಡವಿದರು, ಬಣ್ಣದವರು ಎಡವಿದರು, ಫೋಟೋ ತೆಗೆಯಲು ಬಂದವನು ಕ್ಯಾಮೆರಾ ಸಮೇತ ಮಂಡಿಯೂರಿದ. ಬಾಗಿಲುಗಳ ರಿಪೇರಿಗೆ ಬಂದ ಬಡಗಿ ಬೆರಳು ಮಡಿಚಿ ಎಣಿಸುತ್ತಿದ್ದ.

“ಗೈಡ್ ಮೇಡಂ, ನೀವೊಬ್ರೇ ಎಡವಿಲ್ಲ ನೋಡಿ.”

“ನಾನು ನೆಲ ನೋಡ್ಕೊಂಡು ನಡೀತೀನಿ.”

“ಅದಂತೂ ನಿಜ. ಹದಿನೈದು ದಿನ ಆಯ್ತು, ನನ್ನ ಮುಖ ಒಂದ್ಸಲಾನೂ ನೋಡಿಲ್ಲ.”

ನನ್ನ ಕಿವಿ ಬಿಸಿಯಾಯಿತು. ನೆಲವನ್ನು ನಾನು ನೋಡಿರಲಿಲ್ಲ; ಕಾಲಿಗೇ ಗೊತ್ತಿತ್ತು. ಎಂಟರಿಂದ ಹನ್ನೊಂದನೆಯ ವಯಸ್ಸಿನವರೆಗೆ ಅಮ್ಮನ ಕೈ ಹಿಡಿದು ಆ ಮೆಟ್ಟಿಲು ಹತ್ತಿದ್ದೆ. ಜಾಲರಿಯ ಆಚೆ, ಅದೇ ಮೆಟ್ಟಿಲು ಹತ್ತಿ ಬಂದು ನಿಂತ ಅಪ್ಪ. ಕುಡಿದು ಲಾರಿ ಓಡಿಸಿ ಒಂದು ಜೀವ ತೆಗೆದಿದ್ದ ಅಪ್ಪ. ಆಮೇಲೆ ನಾನು ಹೋಗುವುದನ್ನೇ ಬಿಟ್ಟೆ. ಶಾಲೆಯಲ್ಲಿ ಕೇಳಿದವರಿಗೆಲ್ಲ, ಅಪ್ಪ ತೀರಿಕೊಂಡರು ಎಂದೆ.

ಅಪ್ಪ ಹೊರಬಂದರು. ಜೈಲು ಮುಚ್ಚಿತು. ಈಗ ಪ್ರವಾಸಿಗರಿಗಾಗಿ ಮತ್ತೆ ತೆರೆಯುವಾಗ, ಡಿಗ್ರಿ ಮುಗಿಸಿದ ನನಗೆ ಸಿಕ್ಕ ಮೊದಲ ಕೆಲಸ ಇದೇ ಆಯಿತು.

ಒಂದು ಮಧ್ಯಾಹ್ನ ಬಡಗಿ ತನ್ನ ಉಳಿಯನ್ನು ತೋರಿಸಿದ. ಹಿಡಿ ಸವೆದು ಹೊಳೆಯುತ್ತಿತ್ತು.

“ಅಪ್ಪಂದು. ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗ್ಬಿಟ್ರು. ನಿಮ್ಮ ತಂದೆ?”

“ತೀರ್ಕೊಂಡ್ರು,” ಎಂದಿತು ಬಾಯಿ, ತಾನಾಗಿಯೇ.

ಅವನು ಕಿತ್ತಳೆ ಸುಲಿದು ಅರ್ಧ ನನ್ನ ಕಡೆ ತಳ್ಳಿದ. ಅಂದಿನಿಂದ ದಿನವೂ ಅರ್ಧ ಕಿತ್ತಳೆ. ನನ್ನೊಡನೆ ಮಾತಾಡುವಾಗಲೆಲ್ಲ ಅವನ ದನಿ ಮೆತ್ತಗಾಗುತ್ತಿತ್ತು. ಆ ಮೆತ್ತನೆಯ ದನಿಯನ್ನು ನಾನು ಸುಳ್ಳು ಹೇಳಿ ಕದ್ದಿದ್ದೆ. ‘ನಾಳೆ ನಿಜ ಹೇಳುತ್ತೇನೆ’ ಎಂದು ಡೈರಿಯಲ್ಲಿ ಆರು ಸಲ ಬರೆದಿದ್ದೇನೆ.

ಉದ್ಘಾಟನೆಯ ಬೆಳಿಗ್ಗೆ ಅಪ್ಪ ಶರ್ಟಿಗೆ ಇಸ್ತ್ರಿ ಹಾಕುತ್ತ ಕೇಳಿದರು: “ನಾನೂ ಒಂದ್ಸಲ ನೋಡ್ಲಾ ಮಗಳೇ? ನಿನ್ನ ಗುರುತಿದೆ ಅಂತ ತೋರಿಸ್ಕೊಳ್ಳಲ್ಲ.”

ನಾನು ಶೂ ಲೇಸು ಕಟ್ಟುತ್ತಲೇ ಇದ್ದೆ. ಹೂಂ ಅನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಹನ್ನೆರಡು ಜನರ ಮೊದಲ ಗುಂಪಿನಲ್ಲಿ ಅಪ್ಪ ಕೊನೆಯವರು. ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಾಗಿಲ ಬಳಿ ಬಡಗಿ ಎಣಿಸುತ್ತಿದ್ದ. ಹತ್ತು, ಹನ್ನೊಂದು, ಎಲ್ಲರೂ ಎಡವಿದರು. ಅಪ್ಪ ಗೋಡೆ ನೋಡುತ್ತಲೇ ಮೂರನೆಯ ಮೆಟ್ಟಿಲಿಗೆ ಕಾಲನ್ನು ಎತ್ತರಿಸಿ ಇಟ್ಟರು. ಥೇಟ್ ನನ್ನಂತೆ.

ಬಡಗಿಯ ಬೆರಳು ಅರ್ಧಕ್ಕೇ ನಿಂತಿತು. ಅವರನ್ನು ನೋಡಿದ. ನನ್ನನ್ನು ನೋಡಿದ.

“ಇಲ್ಲಿಗೆ ಮಕ್ಕಳನ್ನೂ ಬಿಡ್ತಿದ್ರಾ?” ಒಬ್ಬ ಹೆಂಗಸು ಕೇಳಿದರು.

ನಾನು ಜಾಲರಿಯತ್ತ ತಿರುಗಿದೆ.

“ಬಿಡ್ತಿದ್ರು,” ಹಿಂದಿನಿಂದ ಅಪ್ಪನ ದನಿ. “ಎತ್ತರ ಸಾಲಲ್ಲ ಅಂತ ಖಾಲಿ ಡಬ್ಬದ ಮೇಲೆ ನಿಲ್ಲಿಸ್ತಿದ್ರು.” ಆಮೇಲೆ ನನ್ನತ್ತ ತಿರುಗಿ, ತಲೆ ತಗ್ಗಿಸಿ, “ಚೆನ್ನಾಗಿ ಹೇಳ್ತೀರಿ ಮೇಡಂ. ನಾನು ಬರ್ತೀನಿ,” ಎಂದರು.

ಮೇಡಂ. ನನ್ನಪ್ಪನ ಬಾಯಿಂದ.

“ಅಪ್ಪಾ, ನಿಲ್ಲು!” ಜಾಲರಿಯೇ ನಡುಗುವಷ್ಟು ಜೋರಾಗಿ ಕೂಗಿದ್ದೆ. “ಇವರು ನಮ್ಮಪ್ಪ. ಡಬ್ಬದ ಮೇಲೆ ನಿಲ್ತಿದ್ದ ಮಗು ನಾನು.”

ಹನ್ನೊಂದು ತಲೆಗಳು ಅಪ್ಪನತ್ತ ತಿರುಗಿದವು. ಬಡಗಿ ಹೊರಗೆ ಹೋಗಿಬಿಟ್ಟ.

ಮಧ್ಯಾಹ್ನ ಅಪ್ಪ, ನಾನು ಅಂಗಳದ ಕಟ್ಟೆಯ ಮೇಲೆ ಕೂತಿದ್ದಾಗ ಅವನು ಬಂದ.

“ನಮ್ಮಪ್ಪ ಒಂದು ದಿನದ ಮಟ್ಟಿಗೆ ವಾಪಸ್ ಬಂದ್ರೂ ಸಾಕು ಅಂತಿದ್ದೆ ನಿಮ್ಹತ್ರ. ನೀವು ಕೇಳಿಸ್ಕೊಂಡು ಕೂತಿದ್ರಿ.”

“ಹೌದು. ನಾಚಿಕೆ ಆಗ್ತಿದೆ.”

“ಆಗ್ಲಿ. ನಂಗೂ ಸಿಟ್ಟಿದೆ, ಇವತ್ತೇ ಹೋಗಲ್ಲ ಅದು.”

ಜೇಬಿನಿಂದ ಕಿತ್ತಳೆ ತೆಗೆದು ಸುಲಿದ. ಮೂರು ಪಾಲು ಮಾಡಿದ. ದೊಡ್ಡದು ಅಪ್ಪನಿಗೆ. “ತಗೊಳ್ಳಿ, ಸಾರ್.” ನನಗೆ ಎರಡೇ ತೊಳೆ.

ನಾನು ತಲೆಯೆತ್ತಿ ಅವನ ಮುಖ ನೋಡಿದೆ. ಹುಬ್ಬಿನ ಮೇಲೆ ಮರದ ಪುಡಿ. ಕಣ್ಣು ಕೆಂಪಾಗಿತ್ತು.

“ಅಂತೂ ನೋಡಿದ್ರಲ್ಲ,” ಎಂದ. ನಗಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.